ಗೋದಲಿಯೂ ಖಾನೇಷುಮಾರಿಯೂ

ಹುಮನಾಬಾದ್, ಬಸವಕಲ್ಯಾಣದ ಕಡೆಯ ಮೆಥಡಿಸ್ಟ್ ಸಭೆಗಳಲ್ಲಿ ಮಾದಿಗ ಕೇರಿಯಿಂದ ಬಂದವರೇ ಬಹಳ. ಕ್ರಿಸ್‌ಮಸ್ ಪ್ರಸಂಗಗಳಲ್ಲಿ ನಾನು ಕೇಳುತ್ತ ಬಂದದ್ದು ನಕ್ಷತ್ರ, ದೇವದೂತರು, ಗೋದಲಿ. ಇನ್ನೊಬ್ಬರ ದನದ ಕೊಟ್ಟಿಗೆ ಬಳಿದವರಿಗೆ ಗೋದಲಿ ಏನು ಹೊಸದಲ್ಲ ಬಿಡಿ. ಆದರೆ ಲೂಕ ಕತೆ ಶುರು ಮಾಡುವುದೇ ಖಾನೇಷುಮಾರಿಯಿಂದ: ಬಸುರಿ ಮರಿಯಳೊಂದಿಗೆ ಯೋಸೇಫ ಬೇತ್ಲೆಹೇಮಿಗೆ ಹೋದದ್ದು ಔಗುಸ್ತನ ಪಟ್ಟಿಯಲ್ಲಿ ಹೆಸರು ಬರೆಸಲು.

ನಮ್ಮವರು ಹೆದರುವುದು ಈ ಪಟ್ಟಿಗೇ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂಗಳಷ್ಟೇ ಪರಿಶಿಷ್ಟ ಜಾತಿಯವರು; 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು ಇಂದಿಗೂ ಹೊರಗೆ. ಹೀಗಾಗಿ ಭಾನುವಾರ ಒಂದು ಗುರುತು, ತಹಸೀಲ ಕಚೇರಿಯಲ್ಲಿ ಇನ್ನೊಂದು. ಇದನ್ನು ಕಪಟ ಅನ್ನುವವರು ಕಲ್ಯಾಣವನ್ನು ಮರೆತಿದ್ದಾರೆ. ಲಿಂಗ ಕಟ್ಟಿದ ಮೇಲೂ ಹರಳಯ್ಯ ಬಿಜ್ಜಳನ ಕಣ್ಣಿಗೆ ಸಮಗಾರನೇ ಆಗಿ ಉಳಿಯಲಿಲ್ಲವೇ?

ಸಭಾಪಾಲಕರು ಲೂಕನ ಎರಡನೆಯ ಅಧ್ಯಾಯದ ಮೊದಲ ವಚನದ ಮೇಲೂ ಒಮ್ಮೆ ಪ್ರಸಂಗ ಮಾಡಲಿ. ‘ಜಾತಿ ಏನ್ ಬರ್ಸೋದ್ರೀ ಸರ್?’ ಅಂತ ಕೇಳುವ ಹುಡುಗರು ಮುಂದಿನ ಸಾಲಿನಲ್ಲೇ ಕೂತಿರ್ತಾರೆ.