ಕುರ್ಚಿ ಕಸಿಯುವ ಆಟ, ಹೂ ಎರಚುವ ಆಟ

ಮೌಂಟ್ ಆಲ್ಬರ್ಟ್‌ನಲ್ಲೂ ಅಕ್ಕಪಕ್ಕದ ಬಡಾವಣೆಗಳಲ್ಲೂ ನೆಲೆಸಿರುವ ಕನ್ನಡಿಗರಲ್ಲಿ ಮಂಗಳೂರು, ಉಡುಪಿ ಕಡೆಯ ಕಥೋಲಿಕ ಕುಟುಂಬಗಳೂ ಇವೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತುಳು ಆಡಿ ಬೆಳೆದವರು ನಾವು. ನಮ್ಮ ಮನೆಗಳ ಪುಟ್ಟ ಮಕ್ಕಳು ಭಾನುವಾರದ ಬಲಿಪೂಜೆಯ ಹೊತ್ತಿನಲ್ಲಿ, ಜಪಸರದ ಕೂಟಗಳಲ್ಲಿ, ರಜೆಯ ಶಿಬಿರಗಳಲ್ಲಿ ಆಡುವ ಧಾರ್ಮಿಕ ಗುಂಪಾಟಗಳ ಬಗ್ಗೆ ಈ ಸಂಚಿಕೆಯಲ್ಲಿ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ಕಥೆ, ಕವನ, ನಾಟಕ, ಯಕ್ಷಗಾನ ಎಲ್ಲಕ್ಕೂ ವಿಮರ್ಶೆ ಬರುತ್ತದೆ. ಮಕ್ಕಳ ಆಟಕ್ಕೆ ಮಾತ್ರ ಯಾರೂ ವಿಮರ್ಶೆ ಬರೆಯುವುದಿಲ್ಲ. ಮಕ್ಕಳು ನಗುತ್ತಿದ್ದರೆ ಆಟ ಚೆನ್ನಾಗಿದೆ ಎಂದುಕೊಂಡು ದೊಡ್ಡವರು ಕಾಫಿ ಕುಡಿಯಲು ಹೋಗುತ್ತಾರೆ. ಕಥೋಲಿಕರಲ್ಲದ ಓದುಗರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಪುಟ ತಿರುಗಿಸಬಾರದಾಗಿ ವಿನಂತಿ. ನಾವು ಹೇಳಲಿರುವುದು ಗಣೇಶ ಚೌತಿಯ ಸ್ಪರ್ಧೆಗಳಿಗೂ ರಾಜ್ಯೋತ್ಸವದ ಸ್ಪರ್ಧೆಗಳಿಗೂ ಅಷ್ಟೇ ಅನ್ವಯಿಸುತ್ತದೆ.

ಮೊದಲು ಈ ಆಟಗಳಿಗೆ ಇಲ್ಲಿ ಇಷ್ಟೊಂದು ಮಹತ್ವ ಯಾಕೆ ಬಂತೆಂದು ನೋಡೋಣ. ನ್ಯೂಜಿಲೆಂಡ್‌ನ 1877ರ ಶಿಕ್ಷಣ ಕಾಯಿದೆ ಸರಕಾರಿ ಶಾಲೆಯ ಪಾಠಗಳನ್ನು ಮತಬೋಧೆಯಿಂದ ದೂರವಿಟ್ಟಿತು. ಕಥೋಲಿಕರು ತಮ್ಮ ಶಾಲೆಗಳನ್ನು ತಾವೇ ನಡೆಸಿಕೊಂಡು ಬಂದರು. 1975ರ ಕಾಯಿದೆಯ ನಂತರ ಆ ಶಾಲೆಗಳು ತಮ್ಮ ಧಾರ್ಮಿಕ ಸ್ವರೂಪವನ್ನು ಉಳಿಸಿಕೊಂಡೇ ಸರಕಾರಿ ವ್ಯವಸ್ಥೆಯೊಳಗೆ ಸೇರಿದವು. ಮೌಂಟ್ ಆಲ್ಬರ್ಟ್‌ನಲ್ಲೇ ಮಾರಿಸ್ಟ್ ಹೆಸರಿನ ಶಾಲೆಗಳಿವೆ. ಅಲ್ಲಿಗೆ ಹೋಗುವ ಮಕ್ಕಳಿಗೆ ಧರ್ಮೋಪದೇಶ ಶಾಲೆಯಲ್ಲೇ ಸಿಗುತ್ತದೆ. ಬೇರೆ ಶಾಲೆಗೆ ಹೋಗುವ ಮಗುವಿಗೆ ಸಿಗುವುದು ವಾರಕ್ಕೊಮ್ಮೆ ಅರ್ಧ ಗಂಟೆ, ಅದರಲ್ಲೂ ಹೆಚ್ಚು ಭಾಗ ಆಟ. ಅಜ್ಜಿಯ ಮಡಿಲು ಊರಲ್ಲಿದೆ, ಇಗರ್ಜಿಯ ಗಂಟೆ ಊರಲ್ಲಿದೆ. ಹೀಗಿರುವಾಗ ಆ ಅರ್ಧ ಗಂಟೆಯ ಆಟ ಮಗುವಿಗೆ ಏನು ಹೇಳುತ್ತದೆ ಎಂಬುದು ಸಣ್ಣ ವಿಷಯವಲ್ಲ.

ಈ ಆಟಗಳಲ್ಲಿ ಬಹುಪಾಲು ಮುದ್ರಿತ ಪುಸ್ತಿಕೆಗಳಿಂದ ಬಂದವು. ಅವನ್ನು ಸಿದ್ಧಪಡಿಸುವ ಕ್ರಮ ಸರಳ. ಎಲ್ಲರಿಗೂ ಗೊತ್ತಿರುವ ಹಳೆಯ ಆಟವೊಂದನ್ನು ತೆಗೆದುಕೊಳ್ಳುವುದು, ಅದಕ್ಕೆ ಬೈಬಲಿನ ಚಿತ್ರ ಅಂಟಿಸುವುದು. ಸಂಗೀತ ಕುರ್ಚಿಯ ಪ್ರತಿ ಕುರ್ಚಿಗೂ ಒಬ್ಬೊಬ್ಬ ಸಂತರ ಚಿತ್ರ ಕಟ್ಟಿದರೆ ಅದು ಸಂತರ ಕುರ್ಚಿಯಾಟ. ತಂಬೋಲದ ಚೀಟಿಯಲ್ಲಿ ಅಂಕಿಗಳ ಬದಲು ಪ್ರವಾದಿಗಳ ಹೆಸರು ಹಾಕಿದರೆ ಅದು ಬೈಬಲ್ ತಂಬೋಲ. ಜಪಸರದ ಮಣಿಗಳನ್ನು ಚಮಚದಲ್ಲಿ ಹೊತ್ತು ಓಡಿದರೆ ಅದು ಜಪಸರದ ಓಟ.

ನಮ್ಮ ತಕರಾರು ಇಲ್ಲಿಂದಲೇ ಶುರು. ಆಟ ಪಾಠ ಕಲಿಸುವುದು ತನ್ನ ನಿಯಮದ ಮೂಲಕ. ಅದಕ್ಕೆ ಅಂಟಿಸಿದ ಚಿತ್ರದ ಮೂಲಕ ಅಲ್ಲ. ಕುರ್ಚಿಯಾಟದ ನಿಯಮವೇನು? ಬಂದವರೆಲ್ಲರಿಗೂ ಜಾಗವಿಲ್ಲ, ನೂಕಿ ಕೂತವನಿಗೆ ಜಾಗ, ತಡೆದು ನಿಂತವನು ಹೊರಗೆ, ಕೊನೆಗೆ ಉಳಿಯುವವನು ಒಬ್ಬನೇ. ಹುಟ್ಟುಹಬ್ಬದ ಮನೆಯಲ್ಲಿ ಇದು ಬರಿಯ ತಮಾಷೆ. ಅದೇ ಕುರ್ಚಿಗೆ ಸಂತರ ಚಿತ್ರ ಕಟ್ಟಿ, ಇದು ದೇವರ ಮನೆ ಎಂದು ಹೇಳಿ ಆಡಿಸಿದರೆ ಅದರ ಅರ್ಥ ಬದಲಾಗುತ್ತದೆ. ಇಂಥ ಒಂದು ಕೂಟದಲ್ಲಿ ಐದು ವರ್ಷದ ಹುಡುಗಿಯೊಬ್ಬಳು ಮೊದಲ ಸುತ್ತಿಗೇ ಹೊರಬಿದ್ದಳು. ತಾಯಿಯ ಬಳಿ ಬಂದು, ಸಂತ ಅಂತೋನಿಗೆ ನಾನು ಬೇಡವಾ ಎಂದು ಕೇಳಿದಳು. ಸುತ್ತಲಿದ್ದವರು ನಕ್ಕರು. ಮಗು ತಪ್ಪು ತಿಳಿದುಕೊಂಡಿತು ಎಂದು ನಮಗನಿಸಲಿಲ್ಲ. ಆಟ ಹೇಳಿದ್ದನ್ನೇ ಅದು ಸರಿಯಾಗಿ ಕೇಳಿಸಿಕೊಂಡಿತ್ತು.

ನೋಹನ ನಾವೆಯ ಆಟವೂ ಇದೇ ಜಾತಿಯದು. ಮಕ್ಕಳ ಬೆನ್ನಿಗೆ ಪ್ರಾಣಿಗಳ ಚಿತ್ರ ಅಂಟಿಸುತ್ತಾರೆ. ತನ್ನ ಜೋಡಿಯನ್ನು ಹುಡುಕಿಕೊಂಡವರು ಚಾಪೆಯ ನಾವೆಗೆ ಹತ್ತಬೇಕು. ಜೋಡಿ ಸಿಗದವರು ಮುಳುಗಿದ ಹಾಗೆ. ಮಕ್ಕಳ ಸಂಖ್ಯೆ ಬೆಸವಾಗಿದ್ದರೆ ಒಂದು ಮಗು ಮುಳುಗಲೇಬೇಕು. ಆಡಿಸುವವರು ಕೈಜೋಡಿಸಿ ಆ ಮಗುವಿನ ಜೋಡಿಯಾಗಿ ನಿಂತರೆ ಆಟ ನೆಟ್ಟಗಾಗುತ್ತದೆ. ಆದರೆ ಹಾಗೆ ನಿಲ್ಲುವವರನ್ನು ನಾವು ಹೆಚ್ಚು ಕಂಡಿಲ್ಲ.

ಮಕ್ಕಳು ಅಷ್ಟೆಲ್ಲ ಯೋಚಿಸುತ್ತಾರೆಯೇ ಎಂದು ಕೇಳಬಹುದು. ಯೋಚಿಸುವುದಿಲ್ಲ, ನಂಬುತ್ತಾರೆ. ಅದೇ ಹೆಚ್ಚಿನ ಮಾತು. ಸ್ವಿಸ್ ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆ ಗೋಲಿಯಾಡುವ ಮಕ್ಕಳ ಜೊತೆ ಕೂತು, ಈ ಆಟದ ನಿಯಮ ಎಲ್ಲಿಂದ ಬಂತು ಎಂದು ಕೇಳಿ, ಉತ್ತರಗಳನ್ನು 1932ರ ತನ್ನ ಪುಸ್ತಕದಲ್ಲಿ ದಾಖಲಿಸಿದ. ಹತ್ತು ಹನ್ನೆರಡರ ಮಕ್ಕಳು ನಿಯಮವನ್ನು ನಾವೇ ಒಪ್ಪಿ ಬದಲಾಯಿಸಬಹುದು ಎಂದರು. ಪುಟ್ಟ ಮಕ್ಕಳಿಗೆ ಮಾತ್ರ ನಿಯಮ ಮುಟ್ಟಬಾರದ ವಸ್ತು; ಅದು ಅಪ್ಪನಿಂದ ಬಂದದ್ದು, ಹಿರಿಯರಿಂದ ಬಂದದ್ದು, ಕೆಲವರ ಪಾಲಿಗೆ ದೇವರಿಂದಲೇ ಬಂದದ್ದು. ಗೋಲಿಯ ನಿಯಮವೇ ದೈವಾಜ್ಞೆಯಂತೆ ಕಾಣುವ ವಯಸ್ಸಿನಲ್ಲಿ, ದೇವರ ಹೆಸರು ಹೇಳಿ ಆಡಿಸುವ ಆಟದ ನಿಯಮ ಎಷ್ಟು ಆಳಕ್ಕೆ ಇಳಿಯಬಹುದು! ಪೋಪ್ ಹತ್ತನೇ ಪಿಯುಸರು 1910ರಲ್ಲಿ ಮಕ್ಕಳ ಮೊದಲ ಪರಮಪ್ರಸಾದದ ವಯಸ್ಸನ್ನು ಇಳಿಸಿದಾಗಲೂ ವಿವೇಚನೆ ಮೂಡುವ ವಯಸ್ಸನ್ನು ಸುಮಾರು ಏಳು ಎಂದೇ ಹೇಳಿದರು. ಈ ಆಟಗಳನ್ನು ನಾವು ಆಡಿಸುತ್ತಿರುವುದು ಆ ವಯಸ್ಸಿಗೂ ಕೆಳಗಿನ ಮಕ್ಕಳಿಗೆ.

ಇನ್ನು ಬಹುಮಾನದ ವಿಷಯ. ಬೈಬಲ್ ಕ್ವಿಜ್‌ನಲ್ಲಿ ಗೆದ್ದವನಿಗೆ ಚಾಕಲೇಟು, ಪ್ರಾರ್ಥನೆ ಬಾಯಿಪಾಠ ಒಪ್ಪಿಸಿದವನಿಗೆ ನಕ್ಷತ್ರದ ಚೀಟಿ. ಅಮೆರಿಕದ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳನ್ನು ಅವರು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಬಿಡಿಸಿದರೆ ಬಹುಮಾನ ಕೊಡುತ್ತೇವೆಂದು ಮೊದಲೇ ಹೇಳಿದರು, ಇನ್ನೊಂದಕ್ಕೆ ಹೇಳದೆ ಕೊಟ್ಟರು, ಮೂರನೆಯದಕ್ಕೆ ಏನೂ ಕೊಡಲಿಲ್ಲ. ಒಂದೆರಡು ವಾರ ಕಳೆದು ನೋಡಿದರೆ, ಬಹುಮಾನದ ಆಸೆಗೆ ಬಿಡಿಸಿದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರದ ಕಡೆ ತಿರುಗಿದ್ದರು. ಇಷ್ಟಪಟ್ಟು ಮಾಡುತ್ತಿದ್ದುದು ಕೂಲಿಯ ಕೆಲಸವಾಗಿತ್ತು. ಚಿತ್ರದ ಗತಿ ಹೀಗಾದರೆ ಪ್ರಾರ್ಥನೆಯ ಗತಿ ಬೇರೆಯಾಗುತ್ತದೆಂದು ನಂಬಲು ನಮಗೆ ಕಾರಣ ಕಾಣುವುದಿಲ್ಲ.

ಸೋಲುವುದನ್ನು ಮಕ್ಕಳು ಕಲಿಯಬೇಡವೇ ಎಂದು ಕೆಲವು ಮಿತ್ರರು ಆಕ್ಷೇಪಿಸುತ್ತಾರೆ. ಖಂಡಿತ ಕಲಿಯಬೇಕು. ಶನಿವಾರದ ಕ್ರಿಕೆಟ್ಟಿನಲ್ಲಿ, ಈಜಿನಲ್ಲಿ, ನೆಟ್‌ಬಾಲಿನಲ್ಲಿ ಸೋತು, ಅತ್ತು, ಮುಂದಿನ ವಾರ ಮತ್ತೆ ಹೋಗಲಿ. ಅಲ್ಲಿ ಸೋತ ಮಗುವಿಗೆ ಚೆಂಡು ಸರಿಯಾಗಿ ಹಿಡಿಯಲಿಲ್ಲ ಎಂದಷ್ಟೇ ಅರ್ಥ. ದೇವರ ಕುರ್ಚಿಯಿಂದ ಎದ್ದುಹೋದ ಮಗುವಿಗೆ ಅಷ್ಟರಲ್ಲೇ ಅರ್ಥ ನಿಲ್ಲುವುದಿಲ್ಲ.

ಎಲ್ಲ ಆಟಗಳೂ ಕೆಟ್ಟವೆಂದು ನಾವು ಹೇಳುತ್ತಿಲ್ಲ. ಕಳೆದುಹೋದ ಕುರಿಯ ಆಟವನ್ನು ನೋಡಿ. ಹತ್ತಿಯ ಕುರಿಮರಿಯೊಂದನ್ನು ಕೋಣೆಯಲ್ಲಿ ಬಚ್ಚಿಟ್ಟು ಎಲ್ಲರೂ ಹುಡುಕುತ್ತಾರೆ. ಸಿಕ್ಕವನಿಗೆ ಚಾಕಲೇಟು ಎಂದರೆ ಇದೂ ಕುರ್ಚಿಯಾಟವೇ. ಸಿಕ್ಕ ಕೂಡಲೇ ಗಂಟೆ ಬಾರಿಸಿ ಎಲ್ಲರಿಗೂ ಸಿಹಿ ಹಂಚಿದರೆ ಆಟ ಮೂಲ ಕಥೆಗೆ ಹೊಂದುತ್ತದೆ. ಲೂಕನ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಕುರುಬ ಮಾಡುವುದೂ ಅದನ್ನೇ. ಕುರಿ ಸಿಕ್ಕಿತೆಂದು ನೆರೆಹೊರೆಯವರನ್ನೆಲ್ಲ ಕರೆದು ಸಂತೋಷಪಡುತ್ತಾನೆ. ಲೂಕನು ವೈದ್ಯನಾಗಿದ್ದನೆಂಬುದು ನಮ್ಮ ವೃತ್ತಿಯವರಿಗೆ ಹೆಮ್ಮೆ. ನಾವೆಲ್ಲ ಸಾಮಾನು ತರಲು ಹೋಗುವ ಸೇಂಟ್ ಲೂಕ್ಸ್‌ಗೆ ಆ ಹೆಸರು ಬಂದದ್ದೂ ಅವನ ಹೆಸರಿನ ಹಳೆಯ ಆಂಗ್ಲಿಕನ್ ದೇವಾಲಯದಿಂದ.

ಇನ್ನಿಬ್ಬರ ದಾರಿಯನ್ನೂ ಇಲ್ಲಿ ಹೇಳಬೇಕು. ಸಂತ ಜಾನ್ ಬಾಸ್ಕೊ ಹುಡುಗನಾಗಿದ್ದಾಗ ಹಗ್ಗದ ಮೇಲೆ ನಡೆದು, ಕೈಚಳಕ ತೋರಿಸಿ ಹಳ್ಳಿಯವರನ್ನು ಸೇರಿಸುತ್ತಿದ್ದ. ನಡುವೆ ನಿಲ್ಲಿಸಿ ಜಪಸರ ಹೇಳಿಸುತ್ತಿದ್ದ, ಭಾನುವಾರದ ಪ್ರವಚನವನ್ನು ತಾನೇ ಒಪ್ಪಿಸುತ್ತಿದ್ದ. ಆತನಿಗೆ ಹಗ್ಗ ಹಗ್ಗವೇ, ಜಪ ಜಪವೇ. ಹಗ್ಗಕ್ಕೆ ಸಂತರ ಚಿತ್ರ ಕಟ್ಟುವ ಅಗತ್ಯ ಬೀಳಲಿಲ್ಲ. ಎರಡನೆಯವರು ಮರಿಯಾ ಮಾಂಟೆಸ್ಸೊರಿ, ನಮ್ಮಂತೆಯೇ ವೈದ್ಯರು. 1939ರಲ್ಲಿ ಮದರಾಸಿಗೆ ಬಂದು ಯುದ್ಧದ ವರ್ಷಗಳನ್ನು ಭಾರತದಲ್ಲೇ ಕಳೆದವರು. ಅವರ ಪದ್ಧತಿಯನ್ನು ಹಿಡಿದು ಸೋಫಿಯಾ ಕವಲ್ಲೆತ್ತಿ ಮತ್ತು ಜಾನ್ನಾ ಗೊಬ್ಬಿ 1954ರಲ್ಲಿ ರೋಮಿನಲ್ಲಿ ಪುಟ್ಟ ಮಕ್ಕಳ ಧರ್ಮೋಪದೇಶ ಆರಂಭಿಸಿದರು. ಮರದ ಕುರುಬ, ಮರದ ಕುರಿ, ಮರದ ಬೇಲಿ; ಮಗು ತಾನೇ ಅವನ್ನು ನಡೆಸುತ್ತದೆ. ಗೆಲ್ಲುವವರೂ ಇಲ್ಲ, ಗಡಿಯಾರ ನೋಡುವವರೂ ಇಲ್ಲ.

ಆದರೆ ಇಷ್ಟು ದೂರ ಹೋಗಬೇಕೆ? ನಮ್ಮ ಊರಿನಲ್ಲೇ ಒಂದು ಅಪ್ಪಟ ಉದಾಹರಣೆ ಇದೆ, ಅದು ಮೊಂತಿ ಹಬ್ಬ. ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನ್ಮದಿನ. ಅದಕ್ಕೆ ಮೊದಲು, ಆಗಸ್ಟ್ 30ರಿಂದ ಒಂಬತ್ತು ದಿನ, ಕರಾವಳಿಯ ಇಗರ್ಜಿಗಳಿಗೆ ಮಕ್ಕಳು ಬುಟ್ಟಿಯಲ್ಲೋ ತಟ್ಟೆಯಲ್ಲೋ ಹೂ ತಂದು ಬಾಲಮರಿಯಮ್ಮನ ಪ್ರತಿಮೆಗೆ ಹಾಡುತ್ತ ಎರಚುತ್ತಾರೆ. ಕೇಪಳ, ದಾಸವಾಳ, ಗೊಂಡೆ, ಗುಡ್ಡದ ಮೇಲಿನ ಹೆಸರಿಲ್ಲದ ಹೂ, ಯಾವುದಾದರೂ ಸೈ. ಕೊನೆಯ ದಿನ ಹೊಸ ತೆನೆಯ ಆಶೀರ್ವಾದ, ಮಕ್ಕಳ ಕೈಗೊಂದು ಕಬ್ಬಿನ ಕೋಲು. ಮನೆಯಲ್ಲಿ ಹೊಸ ಭತ್ತದ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಒಟ್ಟಿಗೆ ಕುಡಿದು, ಬಾಳೆಲೆಯಲ್ಲಿ ಬರಿಯ ತರಕಾರಿಯ ಊಟ. ಪದಾರ್ಥಗಳ ಸಂಖ್ಯೆ ಬೆಸವಾಗಿರಬೇಕು.

ಇದನ್ನು ಆಟವೆಂದು ಊರಿನ ಯಾರೂ ಕರೆಯುವುದಿಲ್ಲ. ಆದರೆ ಹೂವಿಗಾಗಿ ಗುಡ್ಡ ಸುತ್ತುವುದು, ಪಕ್ಕದ ಮನೆಯ ಬೇಲಿಯ ಬಳಿ ನಿಂತು ಅಕ್ಕಾ ಎಂದು ಕೇಳುವುದು, ಸಾಲಿನಲ್ಲಿ ತಳ್ಳಾಡುವುದು, ಹಿಡಿ ತುಂಬ ಎರಚುವುದು, ಎಲ್ಲವೂ ಮಕ್ಕಳಿಗೆ ಆಟವೇ. ವಿಮರ್ಶಕನ ಕಣ್ಣಿನಿಂದ ಅದರ ನಿಯಮ ನೋಡಿ. ಬಂದವರೆಲ್ಲರಿಗೂ ಸರದಿ ಉಂಟು. ಎರಡು ಎಸಳು ತಂದವನೂ ಎರಚುತ್ತಾನೆ. ಕಬ್ಬು ಎಲ್ಲರಿಗೂ ಸಿಗುತ್ತದೆ, ಚೆನ್ನಾಗಿ ಎರಚಿದವನಿಗೆಂದು ಬೇರೆ ಕಬ್ಬಿಲ್ಲ. ಹೇಳಬೇಕಾದ್ದೂ ಆಡಬೇಕಾದ್ದೂ ಇಲ್ಲಿ ಒಂದೇ, ಅಂಟಿಸಲು ಚಿತ್ರವೇ ಬೇಕಿಲ್ಲ. ಇದರಲ್ಲೂ ಕೊರತೆ ಇಲ್ಲದಿಲ್ಲ. ಅಂಗಡಿಯಿಂದ ತಂದ ದುಬಾರಿ ಹೂವಿನ ಬುಟ್ಟಿ ಪಕ್ಕದಲ್ಲಿದ್ದರೆ ಬರಿಗೈಯ ಮಗು ಹಿಂದೆ ಸರಿಯುತ್ತದೆ. ತಂದ ಹೂವನ್ನೆಲ್ಲ ಒಂದೇ ದೊಡ್ಡ ಬುಟ್ಟಿಗೆ ಸುರಿದು ಹಂಚಿಕೊಟ್ಟರೆ ಆ ಕೊರತೆಯೂ ತೀರುತ್ತದೆ.

ಇಲ್ಲಿ ಅದನ್ನು ಹೇಗೆ ಮಾಡುವುದು? ಊರಿನ ತೆನೆ ಇಲ್ಲಿಗೆ ತರುವುದು ಸುಲಭವಲ್ಲ. ಬೀಜ ಕಾಳುಗಳನ್ನು ವಿಮಾನ ನಿಲ್ದಾಣದಲ್ಲಿ ಘೋಷಿಸದಿದ್ದರೆ 400 ಡಾಲರ್ ದಂಡವೆಂದು ಎಲ್ಲರಿಗೂ ಗೊತ್ತು. ಅಲ್ಲದೆ ಸೆಪ್ಟೆಂಬರ್ ಇಲ್ಲಿ ವಸಂತ, ಕುಯ್ಲಿನ ಕಾಲವಲ್ಲ. ಹೂವಿಗೇನೂ ಬರವಿಲ್ಲ. ಡ್ಯಾಫೋಡಿಲ್ ಇದೆ, ಹಳದಿ ಕೋವಾಯಿ ಇದೆ, ಕ್ಯಾಮೆಲಿಯಾ ಇದೆ, ಬೇಲಿಯ ಬುಡದಲ್ಲಿ ಈರುಳ್ಳಿ ವಾಸನೆಯ ಬಿಳಿ ಕಳೆಹೂವೂ ಇದೆ. ಒಂಬತ್ತು ದಿನ ಆಗದಿದ್ದರೆ ಒಂದು ಭಾನುವಾರವಾದರೂ ಮಕ್ಕಳು ಹೂ ಎರಚಲಿ. ತೆನೆಯ ಬದಲು ಪ್ರತಿ ಮಗುವೂ ಕುಂಡದಲ್ಲಿ ಒಂದು ಹುರುಳಿಕಾಯಿ ಬೀಜ ಬಿತ್ತಿ ಮನೆಗೆ ಒಯ್ಯಲಿ. ಅಲ್ಲಿ ಕುಯ್ಲಿನ ಹಬ್ಬ, ಇಲ್ಲಿ ಬಿತ್ತನೆಯ ಹಬ್ಬ.

ಆಮೇಲೆ ಮಕ್ಕಳು ಓಡಿ ಕುಣಿಯಬೇಕಲ್ಲ, ಅದಕ್ಕೆ ನಮ್ಮ ಟೋಪಿ ಆಟವೇ ಸಾಕು. ವೃತ್ತದಲ್ಲಿ ಕೂತವರ ಬೆನ್ನ ಹಿಂದೆ ಟೋಪಿ ಬೀಳುತ್ತದೆ, ಅಟ್ಟಿಸಿಕೊಂಡು ಓಡಿದವನ ಜಾಗದಲ್ಲಿ ಇನ್ನೊಬ್ಬ ಕೂರುತ್ತಾನೆ. ಯಾರೂ ಆಟದಿಂದ ಹೊರಗೆ ಹೋಗುವುದಿಲ್ಲ. ಅದಕ್ಕೆ ಸಂತರ ಹೆಸರೂ ಬೇಡ, ದೇವರ ಹೆಸರೂ ಬೇಡ. ಯಾರ ಮನೆಯ ಮಗುವಾದರೂ ಬಂದು ಕೂರಬಹುದು.

ಮಕ್ಕಳ ಕೂಟ ನಡೆಸುವ ತಾಯಂದಿರ ಶ್ರಮವನ್ನು ನಾವು ಬಲ್ಲೆವು. ವಾರವಿಡೀ ದುಡಿದು ಭಾನುವಾರವೂ ಹತ್ತಾರು ಮಕ್ಕಳನ್ನು ಸಂಭಾಳಿಸುವವರು ಅವರು. ಅವರಲ್ಲಿ ನಮ್ಮ ಕೋರಿಕೆ ಒಂದೇ. ಆಟ ಆರಿಸುವ ಮುನ್ನ ಅದರ ಚಿತ್ರಗಳನ್ನು ಮರೆತು, ಈ ಆಟದಲ್ಲಿ ಮೊದಲು ಹೊರಬೀಳುವ ಮಗು ಮನೆಗೆ ಏನು ನಂಬಿಕೊಂಡು ಹೋಗುತ್ತದೆ ಎಂದು ಕೇಳಿಕೊಳ್ಳಿ. ಉತ್ತರ ಸಮಾಧಾನ ತಂದರೆ ಧಾರಾಳವಾಗಿ ಆಡಿಸಿ. ಬೇರೆ ಅಭಿಪ್ರಾಯವುಳ್ಳವರು, ಊರಿನ ಇಂಥ ಬೇರೆ ಆಟಗಳನ್ನು ಬಲ್ಲವರು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಓದಲು ನಮಗೆ ಸಂತೋಷ.