ಮಬ್ಬು ಬಣ್ಣದ ಪರವಾಗಿ ಒಂದೆರಡು ಮಾತು

ಎತ್ತಿನ ಕೋಡಿನ ಬಣ್ಣ, ಗುಡಿಯ ಗೋಪುರದ ಬಣ್ಣ, ಟ್ರಕ್ಕಿನ ಹಿಂಬದಿಯ ಬಣ್ಣ ಇವುಗಳ ಬಗ್ಗೆ ನಮ್ಮಲ್ಲಿ ಮಾತಾಡುವವರಿದ್ದಾರೆ. ಕಾರಿನ ಒಳಗಿನ ಪ್ಲಾಸ್ಟಿಕ್ಕಿಗೆ ಹೊಡೆಯುವ ಬಣ್ಣದ ಬಗ್ಗೆ ಮಾತ್ರ ಒಂದು ವಿಮರ್ಶೆಯ ಮಾತು ನನ್ನ ಕಿವಿಗೆ ಬಿದ್ದಿಲ್ಲ. ಬೀಳಬೇಕಿತ್ತು. ಕಾರಿನ ಹೊರಮೈಯನ್ನು ನೋಡುವವರು ರಸ್ತೆಯ ಮೇಲಿನ ಮಂದಿ. ಅದರ ಯಜಮಾನ ದಿನವಿಡೀ ನೋಡುವುದು ಡ್ಯಾಶ್‌ಬೋರ್ಡನ್ನು, ಬಾಗಿಲಿನ ಹಿಡಿಕೆಯನ್ನು, ಗೇರಿನ ಸುತ್ತಲಿನ ಚೌಕಟ್ಟನ್ನು. ಇವು ಚೆಂದ ಕಾಣಬೇಕೆಂದು ಅವನು ಬಯಸಿದರೆ ಅದನ್ನು ಷೋಕಿ ಎಂದು ಹಳಿಯಲು ನಾನು ಸಿದ್ಧನಿಲ್ಲ. ನನ್ನ ತಕರಾರು ಚೆಂದದ ಮೇಲಲ್ಲ, ಹೊಳಪಿನ ಮೇಲೆ.

ನಮ್ಮ ಬೇಡಕಿಹಾಳದ ಸುತ್ತ ಹಳೆಯ ಕಾರುಗಳಿಗೆ ಬರವಿಲ್ಲ. ಕೊಲ್ಹಾಪುರ, ಪುಣೆಗಳ ಕಡೆಯಿಂದ ಎಮ್‌ಎಚ್ ಹಲಗೆ ಹೊತ್ತು ಬಂದವು ಚಿಕ್ಕೋಡಿಯ ಕಚೇರಿಯಲ್ಲಿ ಕೆಎ ೨೩ ಆಗಿ ಎರಡನೆಯ ಜನ್ಮ ಪಡೆಯುತ್ತವೆ. ೧೯೮೩ರ ಡಿಸೆಂಬರಿನಲ್ಲಿ ಮೊದಲು ರಸ್ತೆಗಿಳಿದ ಮಾರುತಿ ೮೦೦ರ ತಯಾರಿಕೆ ೨೦೧೪ರಲ್ಲಿ ನಿಂತಿತು. ಆದರೂ ಕಬ್ಬಿನ ಗದ್ದೆಯ ದಾರಿಯಲ್ಲಿ ಅದು ಇನ್ನೂ ಎದುರಾಗುತ್ತದೆ. ಅದರ ಬಾಗಿಲಿನ ಒಂದು ಹಿಡಿಕೆ ಮುರಿದರೆ ಗುಜರಿ ಅಂಗಡಿಯಲ್ಲಿ ಸಿಗುವುದು ಇನ್ನೊಂದು ಕಾರಿನದು. ಇದರದು ಬೂದು, ಅದರದು ಬಾದಾಮಿ ಬಣ್ಣ. ಎರಡನ್ನೂ ಒಂದಾಗಿಸಲು ಬಣ್ಣ ಬೇಕೇ ಬೇಕು. ಬಿಸಿಲಿಗೆ ಬೆಳ್ಳಗಾದ, ತಂಬಾಕಿನ ಧೂಳು ಸಂದುಗಳಲ್ಲಿ ಕಚ್ಚಿ ಕುಳಿತ ಪ್ಲಾಸ್ಟಿಕ್ಕಿಗೂ ಬೇಕು. ಇಲ್ಲಿಯವರೆಗೆ ಎಲ್ಲ ನ್ಯಾಯ.

ಅನ್ಯಾಯ ಶುರುವಾಗುವುದು ಗ್ಯಾರೇಜಿಗೆ ಹೋದ ಮೇಲೆ. "ಕನ್ನಡಿ ಹಾಂಗ ಮಿಂಚಬೇಕ್ ನೋಡ್" ಎಂಬುದೇ ಎಲ್ಲರ ಬೇಡಿಕೆ. ಖಂಡೇನವಮಿಯ ಹಿಂದಿನ ವಾರವಂತೂ ಇದೊಂದೇ ಮಾತು. ಡ್ಯಾಶ್‌ಬೋರ್ಡನ್ನು ಕಾರ್ಖಾನೆಯವರು ಮಬ್ಬಾಗಿ, ಚರ್ಮದ ಹಾಗೆ ಸಣ್ಣ ಗೆರೆಗಳೊಂದಿಗೆ ಮಾಡಿರುವುದು ಬಣ್ಣಕ್ಕೆ ಕಾಸಿಲ್ಲದೆ ಅಲ್ಲ. ಅದು ಇರುವುದೇ ಓರೆಯಾಗಿ ನಿಂತ ಗಾಜಿನ ಕೆಳಗೆ. ಹೊಳೆಯುವ ಮೈಯ ಮೇಲೆ ಬಿದ್ದ ಬಿಸಿಲು ಒಂದೇ ದಿಕ್ಕಿಗೆ ಪುಟಿದು ಗಾಜಿಗೆ ಬಡಿದು ಓಡಿಸುವವನ ಕಣ್ಣಿಗೆ ಬರುತ್ತದೆ; ಒರಟು ಮೈ ಅದೇ ಬೆಳಕನ್ನು ಹತ್ತು ದಿಕ್ಕಿಗೆ ಚೆದುರಿಸಿ ಸುಮ್ಮನಾಗಿಸುತ್ತದೆ. ಹೊಳಪು ಹೊಡೆಸಿಕೊಂಡ ಒಂದು ಕಾರಿನಲ್ಲಿ ನಾನು ಇಳಿಹೊತ್ತಿನಲ್ಲಿ ನಿಪ್ಪಾಣಿಯ ಕಡೆಗೆ ಹೋದದ್ದುಂಟು. ಸೂರ್ಯ ಎದುರಿಗೆ, ಗಾಜಿನ ಮೇಲೆ ಡ್ಯಾಶ್‌ಬೋರ್ಡಿನ ನೆರಳಲ್ಲ, ಅದರ ಪೂರ್ತಿ ಚಿತ್ರ. ಕಬ್ಬು ಹೇರಿದ ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿಗೆ ಕೆಂಪು ದೀಪವಿರುವುದು ಅಪರೂಪದ ಊರು ನಮ್ಮದು. ಇಂಥಲ್ಲಿ ಗಾಜಿನ ಮೇಲೆ ಇನ್ನೊಂದು ಚಿತ್ರ ಬರೆದುಕೊಂಡು ಹೋಗುವುದೆಂದರೆ ಜೀವದ ಜೊತೆ ಆಡುವ ಆಟ. ಅಂದು ನಾನು ದಾರಿಯುದ್ದಕ್ಕೂ ಮಾತಾಡಲಿಲ್ಲ.

ಬಣ್ಣ ನಿಲ್ಲುವ ವಿಚಾರಕ್ಕೆ ಬರೋಣ, ಕಲೆ ಇರುವುದೇ ಅಲ್ಲಿ. ಹಳೆಯ ಫಿಯಾಟ್ ೧೧೦೦ರಲ್ಲಿ ಡ್ಯಾಶ್‌ಬೋರ್ಡು ತಗಡಿನದು. ಹೊರಗಿನ ಬಣ್ಣವನ್ನೇ ಒಳಗೂ ಹೊಡೆದರೆ ನಡೆಯುತ್ತಿತ್ತು. ಪ್ಲಾಸ್ಟಿಕ್ಕಿನ ಜಾತಿಯೇ ಬೇರೆ, ಅದರಲ್ಲೂ ಒಳಜಾತಿಗಳಿವೆ. ತುಂಡನ್ನು ಬಿಚ್ಚಿ ಬೆನ್ನು ನೋಡಿದರೆ ಇಂಗ್ಲಿಷಿನಲ್ಲಿ ಎಬಿಎಸ್ ಎಂದೋ ಪಿಪಿ ಎಂದೋ ಅಚ್ಚೊತ್ತಿರುತ್ತದೆ. ಮೊದಲನೆಯದು ಬಣ್ಣವನ್ನು ಒಲ್ಲೆ ಎನ್ನುವುದಿಲ್ಲ, ಆದರೆ ಖಾರವಾದ ಥಿನ್ನರ್ ಸುರಿದರೆ ಮೈ ಬಿರಿಯುತ್ತದೆ. ಎರಡನೆಯದು ಪಾಲಿಪ್ರಾಪಿಲೀನ್. ಇಟಲಿಯ ಜೂಲಿಯೋ ನಟ್ಟಾ ೧೯೫೪ರಲ್ಲಿ ಇದನ್ನು ಸಿದ್ಧಪಡಿಸಿದರು. ಇಂಥ ಕೆಲಸಕ್ಕಾಗಿಯೇ ಜರ್ಮನಿಯ ಕಾರ್ಲ್ ಸೀಗ್ಲರ್ ಜೊತೆ ೧೯೬೩ರ ನೊಬೆಲ್ ಪಡೆದರು. ಆ ಮಹಾನುಭಾವರು ಕೊಟ್ಟದ್ದು ಕೆಸುವಿನ ಎಲೆಯ ಗುಣದ ವಸ್ತು. ನೀರು ಹನಿಸಿದರೆ ಹರಡದೆ ಗುಂಡಾಗಿ ನಿಲ್ಲುತ್ತದೆ. ನೀರನ್ನೇ ಹತ್ತಿರ ಬಿಟ್ಟುಕೊಳ್ಳದ್ದು ಬಣ್ಣವನ್ನು ಹೇಗೆ ಬಿಟ್ಟುಕೊಂಡೀತು? ಅದಕ್ಕೆ ಮೊದಲು ಅಂಟು ಹಿಡಿಸುವ ಬೇರೆಯದೇ ಪ್ರೈಮರ್ ತೆಳ್ಳಗೆ ಹೊಡೆಯಬೇಕು. ಅದನ್ನು ಬಿಟ್ಟು ಹೊಡೆದ ಬಣ್ಣ ಹೊಸದರಲ್ಲಿ ಚೆನ್ನಾಗಿಯೇ ಇರುತ್ತದೆ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಉಗುರು ತಾಗಿದರೆ ಈರುಳ್ಳಿ ಸಿಪ್ಪೆಯಂತೆ ಬರುತ್ತದೆ.

ಅದಕ್ಕೂ ಮೊದಲು ತೊಳೆಯುವುದಿದೆ. ನಮ್ಮವರು ವರ್ಷಗಟ್ಟಲೆ ಡ್ಯಾಶ್‌ಬೋರ್ಡಿಗೆ ಸಿಲಿಕೋನ್ ಪಾಲಿಶ್ ಒರೆಸಿರುತ್ತಾರೆ, ಅದೂ ಹೊಳಪಿಗೇ. ಆ ಜಿಡ್ಡು ಉಳಿದರೆ ಹೊಸ ಬಣ್ಣದಲ್ಲಿ ಮೀನಿನ ಕಣ್ಣಿನಂಥ ತಗ್ಗುಗಳು ಬೀಳುತ್ತವೆ. ಪಾತ್ರೆ ತೊಳೆಯುವ ಸೋಪಿನಿಂದ ಉಜ್ಜಿ, ಒಣಗಿಸಿ, ಆಮೇಲೆ ಮೈಯನ್ನು ತುಸು ಗೀರಿ ಒರಟು ಮಾಡಬೇಕು. ಗೆರೆಗಳು ಅಳಿಸಿಹೋಗುವಷ್ಟು ಉಜ್ಜಬಾರದು. ಕಾರಹುಣ್ಣಿಮೆಗೆ, ನಮ್ಮ ಕಡೆಯ ಬೆಂದೂರಿಗೆ, ಎತ್ತಿನ ಕೋಡು ಹೆರೆಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೆರೆಯದ ಕೋಡಿಗೆ ಬಣ್ಣ ಬಳಿದವನನ್ನು ಊರೇ ನಗುತ್ತದೆ. ಅದೇ ರೈತ ತನ್ನ ಕಾರಿನ ವಿಷಯದಲ್ಲಿ "ತೊಳೆದು ಗಿಳೆದು ಹೊತ್ತ್ ಕಳೀಬ್ಯಾಡ, ಹೊಡದ್ ಬಿಡ್" ಎನ್ನುತ್ತಾನಲ್ಲ, ಇದು ನನಗೆ ಇನ್ನೂ ಬಗೆಹರಿಯದ ಒಗಟು.

ಹೊಳಪಿನ ಖರ್ಚನ್ನು ಮತ್ತೊಬ್ಬನೂ ತೆರುತ್ತಾನೆ. ಕನ್ನಡಿಯಂಥ ಗಟ್ಟಿ ಮೇಲ್ಪದರಕ್ಕೆ ಬಣ್ಣದ ಜೊತೆ ಹಾರ್ಡ್‌ನರ್ ಬೆರೆಸುತ್ತಾರೆ. ಅದರಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕವಿದೆ. ಗನ್ನಿನಿಂದ ಮಂಜಾಗಿ ಹಾರಿದ ಅದನ್ನು ದಿನಾಲೂ ಉಸಿರಾಡಿದರೆ ಉಬ್ಬಸ ಹಿಡಿಯಬಹುದು. ಒಮ್ಮೆ ಮೈಗೆ ಅದರ ಒಗ್ಗದಿಕೆ ಅಂಟಿದರೆ ಆಮೇಲೆ ತುಸುವೇ ಸೋಕಿದರೂ ಎದೆ ಬಿಗಿಯುತ್ತದೆ. ನಾನು ಕಂಡ ಶೆಡ್ಡುಗಳಲ್ಲಿ ಗನ್ ಹಿಡಿದ ಹುಡುಗನ ಮೂಗಿಗೆ ಕಟ್ಟಿದ್ದು ಒಂದು ಕರವಸ್ತ್ರ. ಕರವಸ್ತ್ರ ಧೂಳನ್ನು ತಡೆದೀತು, ಇದನ್ನು ತಡೆಯದು. ಮಬ್ಬು ಬಣ್ಣಕ್ಕೆ ಮುಖವಾಡ ಬೇಡವೆಂದು ನಾನು ಹೇಳುತ್ತಿಲ್ಲ. ಬಣ್ಣ ಯಾವುದಾದರೂ ಒಳ್ಳೆಯ ಮುಖವಾಡ, ಗಾಳಿ ಆಡುವ ಜಾಗ ಬೇಕು. ಆದರೆ ಬಾಗಿಲಿನ ಹಿಡಿಕೆಯಂಥ ಸಣ್ಣ ತುಂಡಿಗೆ ಹಾರ್ಡ್‌ನರ್ ಇಲ್ಲದ ಮಬ್ಬು ಬಣ್ಣ ಸಾಕಾಗುವಾಗ, ಮಿಂಚಿಗಾಗಿ ಆ ಹುಡುಗನ ಎದೆಗೆ ಇದನ್ನು ತುಂಬುವುದೇಕೆ?

ಕಪ್ಪು ಹೊಳಪಿನ ತಮ್ಮನೊಬ್ಬನಿದ್ದಾನೆ: ಸಾಗವಾನಿಯ ವೇಷ. ಬೂದು ಪ್ಲಾಸ್ಟಿಕ್ಕಿನ ಮೇಲೆ ಮರದ ಗೆರೆ. ಅನುಕರಣೆಯೇ ಕೆಟ್ಟದ್ದೆಂದು ನಾನು ತಿಳಿದಿಲ್ಲ. ನಮ್ಮ ಜಿಲ್ಲೆಯ ಗೋಕಾಕದ ಗೊಂಬೆಗಾರರು ಮಾಡುವ ಹಣ್ಣು ಕಾಯಿಗಳನ್ನು ನೋಡಿ. ಕೈ ಚಾಚುವಂತೆ ಮಾಡುತ್ತವೆ, ಮುಟ್ಟಿದೊಡನೆ ನಿಜ ತಿಳಿದು ನಗು ಬರುತ್ತದೆ. ಅದು ಇಬ್ಬರೂ ಕೂಡಿ ಆಡುವ ಆಟ. ಕಾರಿನ ಸಾಗವಾನಿ ಮುಟ್ಟಿದಾಗ ಮುಟ್ಟಿದವನಿಗೆ ನಗು ಬರುವುದಿಲ್ಲ, ಮುಜುಗರವಾಗುತ್ತದೆ. ಇನ್ನು ಏರ್‌ಬ್ಯಾಗ್ ಇರುವ ಮುಚ್ಚಳದ ಮೇಲೆ ಮರವನ್ನೂ ಅಂಟಿಸಬಾರದು, ಬಣ್ಣವನ್ನೂ ಹೊಡೆಯಬಾರದು. ೨೦೧೯ರ ಜುಲೈಯಿಂದ ಹೊಸ ಕಾರುಗಳಲ್ಲಿ ಓಡಿಸುವವನಿಗೆ ಅದು ಕಡ್ಡಾಯ. ಆ ಮುಚ್ಚಳ ಹರಿಯಬೇಕಾದ ಗೆರೆಯಲ್ಲೇ ಹರಿಯಬೇಕು. ಅದಕ್ಕೆ ಅಲಂಕಾರ ಬೇಡ.

ಹಾಗಾದರೆ ಒಳ್ಳೆಯ ಕೆಲಸ ಹೇಗಿರುತ್ತದೆ? ನಾನು ಮೆಚ್ಚಿದ್ದು ಒಂದೇ ಒಂದು. ಹಳೆಯ ೮೦೦ರ ನಾಲ್ಕು ತುಂಡುಗಳು: ಎರಡು ಹಿಡಿಕೆ, ಗೇರಿನ ಚೌಕಟ್ಟು, ಮೀಟರಿನ ಸುತ್ತಲಿನ ಪಟ್ಟಿ. ನಮ್ಮ ಕಡೆಯ ಮಿಸ್ತ್ರಿಯೊಬ್ಬ ಎರಡು ದಿನ ಇಟ್ಟುಕೊಂಡು ತೊಳೆದು, ಗೀರಿ, ಪ್ರೈಮರ್ ಹೊಡೆದು, ಮೂರು ತೆಳು ಕೈ ಬೂದು ಬಣ್ಣ ಕೊಟ್ಟಿದ್ದ. ಪ್ರತಿ ಕೈಗೂ ನಡುವೆ ಆರಲು ಬಿಟ್ಟಿದ್ದ. ಚರ್ಮದಂಥ ಗೆರೆಗಳು ಒಂದೂ ಮುಚ್ಚಿರಲಿಲ್ಲ. ಗುಜರಿಯಿಂದ ಬಂದ ಹಿಡಿಕೆ ಯಾವುದು, ಕಾರಿನ ಜೊತೆ ಹುಟ್ಟಿದ್ದು ಯಾವುದು ಎಂದು ನನಗೆ ತಿಳಿಯಲಿಲ್ಲ. ಕಾರಿನವನಿಗೆ ಸಿಟ್ಟು ಬಂದದ್ದೂ ಅದಕ್ಕೇ.

"ಏನ್ ಮಾಡಿಯೋ? ಇದ್ದಂಗನ ಐತಲ್ಲ."

"ಇದ್ದಂಗ ಕಾಣಲೆಂತನ ಮಾಡೇನ್ರಿ ಮಾಮಾ."

"ಮಿಂಚ್ ಇಲ್ಲ, ಏನಿಲ್ಲ. ರೊಕ್ಕಾ ಕಮ್ಮಿ ಮಾಡ್."

ಮಿಸ್ತ್ರಿ ವಾದಕ್ಕೆ ಹೋಗಲಿಲ್ಲ. ಅಗಲವಾದ ಅಂಟುಪಟ್ಟಿಯ ಒಂದು ಗೇಣು ಹರಿದು ಹಿಡಿಕೆಗೆ ಒತ್ತಿ ಹಚ್ಚಿದ, ಬೆರಳಿಂದ ತೀಡಿದ, ಸರಕ್ಕನೆ ಕಿತ್ತ. ಪಟ್ಟಿಯನ್ನು ಬೆಳಕಿಗೆ ಹಿಡಿದು ತೋರಿಸಿದ. ಅದರ ಮೇಲೆ ಬಣ್ಣದ ಒಂದು ಚುಕ್ಕೆಯೂ ಇರಲಿಲ್ಲ. ಮಾಮಾ ಕಿಸೆಗೆ ಕೈ ಹಾಕಿದರು. ನೂರು ರೂಪಾಯಿ ಕಮ್ಮಿಯೇ ಕೊಟ್ಟರು.