ಬೆನ್ನು ಮಾತ್ರ ಕಾಣುವ ಅಳು

ಸಾವಿನ ಮನೆಯಲ್ಲಿ ಅಳದೆ ಕೂತ ಹೆಂಗಸನ್ನು ತೋರಿಸಿ, ‘ಕಣ್ಣಲ್ಲಿ ಒಂದು ಹನಿ ನೀರಿಲ್ಲ ನೋಡು’ ಎಂದು ಆಡಿಕೊಳ್ಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. 1997ರ ಆಗಸ್ಟ್ 31ರಂದು ಪ್ಯಾರಿಸ್ಸಿನ ಕಾರು ಅಪಘಾತದಲ್ಲಿ ಬ್ರಿಟನ್ನಿನ ರಾಣಿಯ ಮಾಜಿ ಸೊಸೆ ಡಯಾನಾ ತೀರಿಕೊಂಡಾಗ ಅಲ್ಲಿನ ಜನ ತಮ್ಮ ರಾಣಿಯನ್ನೂ ಹಾಗೇ ಆಡಿಕೊಂಡರು. ಸ್ಟೀಫನ್ ಫ್ರಿಯರ್ಸ್ ನಿರ್ದೇಶನದ ‘ದ ಕ್ವೀನ್’ (2006) ಆ ಒಂದು ವಾರದ ಕಥೆ.

ಜನರ ಸಿಟ್ಟಿಗೆಲ್ಲ ಗುರಿಯಾದದ್ದು ಒಂದು ಬೋಳು ಧ್ವಜಸ್ತಂಭ. ಬಕಿಂಗ್‌ಹ್ಯಾಮ್ ಅರಮನೆಯ ಮೇಲೆ ಹಾರುತ್ತಿದ್ದದ್ದು ರಾಜಧ್ವಜ ಮಾತ್ರ, ಅದೂ ರಾಣಿ ಅಲ್ಲಿದ್ದಾಗ. ಯಾರು ಸತ್ತರೂ ಅದನ್ನು ಅರ್ಧಕ್ಕೆ ಇಳಿಸುವಂತಿಲ್ಲ. ಏಕೆಂದರೆ ಒಬ್ಬ ದೊರೆ ಹೋದ ಗಳಿಗೆಯಲ್ಲೇ ಇನ್ನೊಬ್ಬರು ಪಟ್ಟಕ್ಕೆ ಬಂದಿರುತ್ತಾರೆ. ರಾಣಿಯೋ ಸ್ಕಾಟ್ಲೆಂಡಿನ ಬಾಲ್ಮೋರಲ್‌ನಲ್ಲಿ, ತಾಯಿಯನ್ನು ಕಳೆದುಕೊಂಡ ಮೊಮ್ಮಕ್ಕಳ ಜೊತೆ. ಪದ್ಧತಿಯಲ್ಲಿ ತಪ್ಪಿಲ್ಲ, ಅಜ್ಜಿಯದೂ ತಪ್ಪಲ್ಲ. ಆದರೆ ಗೇಟಿನ ಮುಂದೆ ಹೂವಿಟ್ಟು ಅಳುತ್ತಿದ್ದವರ ಕಣ್ಣಿಗೆ ಬೀಳುತ್ತಿದ್ದದ್ದು ಬರೀ ಕಂಬ. ಪೀಟರ್ ಮಾರ್ಗನ್‌ರ ಚಿತ್ರಕಥೆ ಈ ಎರಡು ಕಡೆಯವರಲ್ಲಿ ಯಾರನ್ನೂ ಸಣ್ಣವರನ್ನಾಗಿ ಮಾಡುವುದಿಲ್ಲ. ಅರಮನೆಯನ್ನು 35 ಎಂಎಂ ಫಿಲ್ಮಿನಲ್ಲಿ, ಅಂದಿನ ಪ್ರಧಾನಿ ಟೋನಿ ಬ್ಲೇರ್ ಲೋಕವನ್ನು ಅದಕ್ಕಿಂತ ಒರಟಾದ ಸೂಪರ್ 16ರಲ್ಲಿ ಚಿತ್ರೀಕರಿಸಿದ್ದಾರೆ. ಎರಡರ ನಡುವಿನ ದೂರ ಮಾತಿಗೆ ಮೊದಲೇ ಕಣ್ಣಿಗೆ ತಿಳಿಯುತ್ತದೆ.

ನಾನು ಮತ್ತೆ ಮತ್ತೆ ನೋಡುವುದು ಒಂದೇ ದೃಶ್ಯವನ್ನು. ರಾಣಿ ಒಬ್ಬಳೇ ಓಡಿಸಿಕೊಂಡು ಬಂದ ಲ್ಯಾಂಡ್‌ರೋವರ್ ಹೊಳೆಯ ನಡುವೆ ಕೆಟ್ಟು ನಿಲ್ಲುತ್ತದೆ. ಯುದ್ಧಕಾಲದಲ್ಲಿ ಮೆಕ್ಯಾನಿಕ್ ತರಬೇತಿ ಪಡೆದವಳು. ಮುರಿದದ್ದು ಏನೆಂದು ತಾನೇ ಕಂಡುಕೊಂಡು ಫೋನ್ ಮಾಡುತ್ತಾಳೆ. ಆಮೇಲೆ ಕಾಯುತ್ತಾ ಕೂತವಳಿಗೆ ಅಳು ಬರುತ್ತದೆ. ಕ್ಯಾಮೆರಾ ಹಿಂದೆಯೇ ನಿಲ್ಲುತ್ತದೆ. ನಮಗೆ ಕಾಣುವುದು ತಲೆವಸ್ತ್ರ, ಅದುರುವ ಭುಜ, ಅಷ್ಟೇ. ಹೆಲೆನ್ ಮಿರೆನ್‌ಗೆ ಆಸ್ಕರ್ ತಂದ ಪಾತ್ರವಿದು. ಅದರ ಅತಿ ದೊಡ್ಡ ಅಳುವಿನಲ್ಲಿ ಮುಖವೇ ಇಲ್ಲ! ಇಡೀ ದೇಶ ನೋಡಬೇಕೆಂದು ಹಟ ಹಿಡಿದ ಕಣ್ಣೀರನ್ನು ಫ್ರಿಯರ್ಸ್ ನಮಗೂ ತೋರಿಸುವುದಿಲ್ಲ. ಇಂಥ ಮರ್ಯಾದೆ ಸಿನಿಮಾದಲ್ಲಿ ಅಪರೂಪ.

ಅವಳು ತಿರುಗಿದಾಗ ಎದುರಿಗೆ ದೊಡ್ಡ ಕೊಂಬಿನ ಗಂಡು ಜಿಂಕೆ. ದೂರದಲ್ಲಿ ಬೇಟೆಗಾರರ ಸದ್ದು ಕೇಳುತ್ತಲೇ ಕೈ ಬೀಸಿ ಅದನ್ನು ಓಡಿಸುತ್ತಾಳೆ. ಆ ಜಿಂಕೆಯೇ ಡಯಾನಾ ಎಂದು ಹಲವರು ಅರ್ಥ ಹೇಳುತ್ತಾರೆ. ನನಗೆ ಅಷ್ಟು ಸಲೀಸಾದ ಅರ್ಥ ಬೇಡ. ಪಕ್ಕದ ಎಸ್ಟೇಟಿಗೆ ಬಂದ ಅತಿಥಿಯೊಬ್ಬ ಅದನ್ನು ಹೊಡೆದನೆಂದು ತಿಳಿದಾಗ ಅವಳು ನೋಡಲು ಹೋಗುತ್ತಾಳೆ. ತಲೆ ಕಡಿದ ದೇಹ ತೂಗುತ್ತಿದೆ. ಗುರಿ ತಪ್ಪಿದ್ದರಿಂದ ಗಾಯಗೊಂಡ ಪ್ರಾಣಿಯ ಹಿಂದೆ ಮೈಲಿಗಟ್ಟಲೆ ಹೋಗಿ ಕೊಲ್ಲಬೇಕಾಯಿತಂತೆ. ಹೆಚ್ಚು ನರಳಿರಲಿಕ್ಕಿಲ್ಲ ಎಂದು ಆಶಿಸೋಣ ಎನ್ನುತ್ತಾಳೆ. ಅತಿಥಿಗೆ ತನ್ನ ಅಭಿನಂದನೆ ತಿಳಿಸಲು ಹೇಳಿ ಹೊರಡುತ್ತಾಳೆ. ಈ ಸಲ ಕ್ಯಾಮೆರಾ ಮುಖವನ್ನು ನೋಡುತ್ತಿರುತ್ತದೆ.